ಶ್ರಾವಣಕ್ಕೆ ಕಪ್ಪು ಸೀರೆ

ಗೋದಾವರಿಯ ಬೆರಳಿಗೆ ಬಟ್ಟೆ ಸುಳ್ಳು ಹೇಳುತ್ತಿರಲಿಲ್ಲ. ಹೈದರಾಬಾದಿನ ಅಮೀರ್‌ಪೇಟೆಯ ನಾಲ್ಕು ಅಂತಸ್ತಿನ ಸೀರೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಚಿ, ಕಣ್ಣು ಮುಚ್ಚಿಕೊಂಡೇ ಮಗ್ಗದ್ದು ಯಾವುದು, ಮಿಲ್ಲಿನದು ಯಾವುದು ಎನ್ನುವಷ್ಟು ಪಳಗಿದ್ದಳು. ಅದನ್ನು ನೋಡಿಯೇ ಮಾಲೀಕರು ಅವಳನ್ನು ಬೈಯರ್ ಮಾಡಿದರು. ಅಂಗಡಿಗೆ ಯಾವ ಸೀರೆ ಬರಬೇಕು, ಎಷ್ಟು ಬರಬೇಕು ಎಂದು ಗೊತ್ತು ಮಾಡುವವಳು ಅವಳೇ. ಕೇಳುವುದಕ್ಕೆ ರಾಣಿಯ ಕೆಲಸ. ಆದರೆ ಮಾಘದ ಚಳಿಯಲ್ಲಿ ಕೂತು, ಶ್ರಾವಣದಲ್ಲಿ ಹೆಂಗಸರ ಮನಸ್ಸು ಯಾವ ಬಣ್ಣಕ್ಕೆ ಹೋಗುತ್ತದೆ ಎಂದು ಹೇಳಬೇಕು. ಹೇಳಿದ್ದು ನಿಜವಾದರೆ ಅಂಗಡಿಗೆ ಹೆಸರು, ಸುಳ್ಳಾದರೆ ಬೈಯರ್‌ಗೆ ಬೈಗುಳ.

ಸಾಫ್ಟ್‌ವೇರ್ ಕಂಪನಿಗಳು ಮಣಿಕೊಂಡದ ಬಂಡೆಗಳನ್ನೂ ಬಿಡದೆ ಮೇಲೇಳುತ್ತಿದ್ದ ಕಾಲ ಅದು. ಅಂಗಡಿಗೆ ಹೊಸ ಹೊಸ ಬೈಯರ್‌ಗಳು ಬರುತ್ತಿದ್ದರು. ಎಲ್ಲರ ಕೈಯಲ್ಲೂ ಎಂಬಿಎ, ಎಲ್ಲರ ಮುಂದೂ ಲ್ಯಾಪ್‌ಟಾಪ್. ಗೋದಾವರಿ ಓದಿದ್ದು ಎಂಟನೆಯ ಇಯತ್ತೆ. ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿ ಅವಳೂ ಮಗಳು ಲಹರಿಯೂ ಇಬ್ಬರೇ. ಗಂಡ ತೀರಿಕೊಂಡು ಆರು ವರ್ಷ. ಈ ಕುರ್ಚಿ ಹೋದರೆ ನಲವತ್ತಾರರ ವಯಸ್ಸಿನಲ್ಲಿ ತನ್ನನ್ನು ಸೀರೆ ಮಡಚುವುದಕ್ಕೂ ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆ ಅವಳಿಗೆ ದಿನವೂ ಇತ್ತು.

ಆ ವರ್ಷ ಸಂಕ್ರಾಂತಿಗೆ ಅವಳು ಇಳಕಲ್ಲಿನಿಂದ ಮೂವತ್ತು ಚಂದ್ರಕಾಳಿ ಸೀರೆ ತರಿಸಿದ್ದಳು. ಕಪ್ಪು ಒಡಲು, ಕೆಂಪು ಸೆರಗು. ಅವಳ ತಾಯಿ ಸಂಕ್ರಾಂತಿಗೆ ಉಡುತ್ತಿದ್ದದ್ದು ಅದೇ ಸೀರೆ. ಒಂದೇ ವಾರದಲ್ಲಿ ಮೂವತ್ತೂ ಖಾಲಿಯಾದವು. ಕೊಂಡವರಲ್ಲಿ ಬಹಳಷ್ಟು ಮಂದಿ ಕೊರಳಲ್ಲಿ ಆಫೀಸಿನ ಗುರುತುಚೀಟಿ ತೂಗಿಸಿಕೊಂಡ ಹುಡುಗಿಯರು. ಹೆತ್ತವರಿಗೆ ಹೆಗ್ಗಣ ಮುದ್ದು, ತಾನು ಆರಿಸಿ ತಂದ ಸೀರೆ ಅವಳಿಗೂ ಹಾಗೆಯೇ. ಗೋದಾವರಿಗೆ ಅಷ್ಟು ಸಾಕಾಯಿತು. ಈಗಿನ ಹುಡುಗಿಯರಿಗೆ ಕಪ್ಪೇ ಬೇಕು ಎಂದುಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು.

ಹನ್ನೆರಡು ಮಗ್ಗ ಇಟ್ಟುಕೊಂಡಿದ್ದ ಶಿವಶರಣಪ್ಪ ಅವಳನ್ನು ಎಳವೆಯಿಂದ ಬಲ್ಲವನು. ಮುನ್ನೂರು ಸೀರೆ ಎಂದಾಗ ಅವನಿಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು.

"ತಂಗೀ, ಶ್ರಾವಣಕ್ಕ ಕರೀದು ನಡೀತೈತೇನು?"

"ಹೈದರಾಬಾದ್ ನನಗ ಗೊತ್ತೈತಿ ಕಾಕಾ. ನೀವು ಸುಮ್ನ ನೇಯಿರಿ. ಹೋದರೂ ನಮ್ಮವು, ಹೋಗದಿದ್ದರೂ ನಮ್ಮವು. ವಾಪಸು ಕಳಸೂದಿಲ್ಲ."

ಅವನು ಹನ್ನೆರಡು ಮಗ್ಗಕ್ಕೂ ಕಪ್ಪು ನೂಲು ಹೂಡಿದ.

ಶ್ರಾವಣ ಬಂತು. ಹುಡುಗಿಯರೂ ಬಂದರು, ಆದರೆ ಜೊತೆಗೆ ತಾಯಂದಿರನ್ನು ಕರೆತಂದರು. ಸಂಬಳ ಮಗಳದಾದರೂ ವ್ರತದ ಸೀರೆ ಆರಿಸುವವಳು ತಾಯಿ. "ಶ್ರಾವಣಂಲೋ ನಲುಪಾ ಅಮ್ಮಾ?" ಶ್ರಾವಣದಲ್ಲಿ ಕಪ್ಪೇ ಎಂದು ಒಬ್ಬಾಕೆ ಸೀರೆಯನ್ನು ಬೆರಳ ತುದಿಯಿಂದ ಆಚೆ ಸರಿಸಿದಳು. ಅದನ್ನೇ ಆ ದಿನ ಇನ್ನೆಷ್ಟೋ ಮಂದಿ ಹೇಳಿದರು. ವರಲಕ್ಷ್ಮಿ ವ್ರತ ಮುಗಿಯುವ ಹೊತ್ತಿಗೆ ಮುನ್ನೂರರಲ್ಲಿ ಹೋದದ್ದು ಏಳು.

ಕೌಂಟರಿನ ಉಮಾಬಾಯಿ ಆಗ ಬಾಯಿ ಬಿಟ್ಟಳು. "ಅಕ್ಕಾ, ಸಂಕ್ರಾಂತಿಗಿ ಒಯ್ದವರು ನಮ್ಮ ಕಡಿಯವರು, ಇಲ್ಲಾಂದ್ರ ಮರಾಠಿ ಮಂದಿ. ಒಂದೆರಡು ಬಸರಿಯರ ಕುಬುಸದ ಕಾರ್ಯಕ್ಕ ಹೋದವು. ತೆಲುಗರು ಒಬ್ಬರೂ ಒಯ್ಯಲಿಲ್ಲ."

"ಆವಾಗ ಯಾಕ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲಲ್ಲ."

ಹೌದು, ಕೇಳಿರಲಿಲ್ಲ. ಎಷ್ಟು ಹೋದವು ಎಂದು ನೋಡಿದಳು, ಯಾರ ಮನೆಗೆ ಹೋದವು ಎಂದು ನೋಡಲಿಲ್ಲ. ಇದೇ ಕೌಂಟರಿನಲ್ಲಿ ಹದಿನಾಲ್ಕು ವರ್ಷ ನಿಂತವಳು ಮಾಡಬಾರದ ತಪ್ಪು ಅದು. ಮುಂದಿನ ಶುಕ್ರವಾರ ತಾನೇ ಒಂದು ಚಂದ್ರಕಾಳಿ ಉಟ್ಟು ಬಾಗಿಲಲ್ಲಿ ನಿಂತಳು. ಹೆಂಗಸರು ಅವಳ ಪಕ್ಕದಿಂದ ಸರಿದು ಒಳಗೆ ಹೋದರು. ಸೀರೆಗಳನ್ನು ಮಣಿಕೊಂಡದ ಶಾಖೆಗೆ ಕಳಿಸಿದಳು. ನಾಲ್ಕೇ ದಿನಕ್ಕೆ ಗಂಟು ಬಿಚ್ಚದೆಯೇ ತಿರುಗಿ ಬಂದವು. ಊಟ ಸೇರುತ್ತಿರಲಿಲ್ಲ. ಲಹರಿ ಏನು ಕೇಳಿದರೂ ಗೋದಾವರಿ ಸಿಡುಕುತ್ತಿದ್ದಳು.

ಶ್ರಾವಣದ ಕೊನೆಯ ದಿನ ಮ್ಯಾನೇಜರ್ ಗೋಪಿನಾಥ ಒಳಗೆ ಕರೆದ. ಮೈಸೂರಿನವನು, ಮಾತು ಮೆತ್ತಗೆ.

"ಗೋದಾವರಿಯವರೇ, ಮಾಲೀಕರು ಕೇಳ್ತಿದ್ದಾರೆ. ಬೈಯರ್ ತಪ್ಪು ಅಂತ ಬರೆದರೆ ಸೀರೆ ಇಲ್ಲೇ ಉಳಿಯುತ್ತೆ, ನೀವು ಉಳಿಯಲ್ಲ. ಮಾಲಿನಲ್ಲಿ ದೋಷ ಅಂತ ಬರೆದರೆ ಸೀರೆ ವಾಪಸು ಹೋಗುತ್ತೆ. ಒಗೆದರೆ ಬಣ್ಣ ಬಿಡುತ್ತೆ ಅಂತ ಒಂದು ಸಾಲು ಬರೀರಿ, ಸಾಕು."

"ಬಣ್ಣ ಬಿಡೂದಿಲ್ರಿ ಸರ್."

"ಅದು ನಿಮಗೆ ಗೊತ್ತು, ನನಗೆ ಗೊತ್ತು."

ಕಾಗದ ಸಂಜೆಯವರೆಗೆ ಅವಳ ಮುಂದೆಯೇ ಇತ್ತು. ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಳು. ಕೊನೆಗೆ ಬರೆದಳು. ಬರೆಯುವಾಗ ಒಂದಕ್ಷರವೂ ತಪ್ಪಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸೀರೆಗಳು ವಾಪಸು ಹೋದ ಹತ್ತು ದಿನಕ್ಕೆ ಇಳಕಲ್ಲಿನಿಂದ ಫೋನು ಬಂತು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ನಿಜ ಹೇಳಬೇಕೆಂದರೆ ಅದಕ್ಕಾಗಿ ಕಾಯುತ್ತಿದ್ದಳು.

"ತಂಗೀ, ನಮ್ಮಿಂದ ತಪ್ಪಾತು," ಎಂದ ಶಿವಶರಣಪ್ಪ. "ನಾಕು ಸೀರಿ ತಗದು ಮೂರ್ಮೂರು ಸಲ ತೊಳದೆ. ನೀರು ತಿಳಿ ಇತ್ತು. ಆದರ ನಿನ್ನ ಕೈ ನನಗ ಗೊತ್ತೈತಿ, ನೀ ಬರದ ಮ್ಯಾಲ ದೋಷ ಇರಲೇಬೇಕು. ಬಣ್ಣ ಹಾಕೋ ಸಂಗಣ್ಣನ್ನ ಬಿಡಿಸಿಬಿಟ್ಟೆ. ಇಪ್ಪತ್ತು ವರ್ಷ ಇದ್ದ, ಪಾಪ. ತನ್ನ ತಪ್ಪಿಲ್ಲಂತ ಮಕ್ಕಳ ತಲಿ ಮುಟ್ಟಿ ಆಣಿ ಮಾಡಿದ. ನಾ ಕೇಳಲಿಲ್ಲ."

ಗೋದಾವರಿ ಗೋಡೆಗೆ ಒರಗಿಕೊಂಡಳು. ಎದುರಿನ ಕಪಾಟಿನಲ್ಲಿ ಕಪ್ಪು ಸೀರೆಗಳಿದ್ದ ಜಾಗ ಇನ್ನೂ ಖಾಲಿ ಇತ್ತು.

"ನಿನ್ನ ನೌಕರಿಗೇನೂ ತ್ರಾಸಾಗಿಲ್ಲ ಹೌದಿಲ್ಲೋ? ನನಗ ಅದಽ ಚಿಂತಿ ಆಗಿತ್ತು. ಇರಲಿ, ದೀಪಾವಳಿಗೆ ಯಾವ ಬಣ್ಣ ಹೂಡೂನು ಹೇಳು. ನೀ ಹೇಳಿದ್ದು ಹೂಡತೀನಿ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಕಡೆ ಹನ್ನೆರಡು ಮಗ್ಗದಲ್ಲಿ ಒಂದು ಆಡುವ ಸದ್ದೂ ಇರಲಿಲ್ಲ.

"ತಂಗೀ, ಕೇಳಾಕತ್ತೈತೇನು?"

"ಕೇಳಾಕತ್ತೈತಿ ಕಾಕಾ," ಎಂದಳು.