ಬಳೆಗಾರ್ತಿಯ ಎಡಗೈ

ಶಿವಾಜಿನಗರದ ಖುರ್ಷೀದಾ ಬಳೆ ಪೆಟ್ಟಿಗೆ ಹಿಡಿದು ಹಲಸೂರಿನ ಕಡೆ ಹೊರಟಳೆಂದರೆ ಸಂಜೆಯವರೆಗೆ ಮನೆ ಸೇರುವ ಮಾತೇ ಇರಲಿಲ್ಲ. ಅಷ್ಟು ಮನೆಗಳು, ಅಷ್ಟು ಕೈಗಳು, ಅದಕ್ಕಿಂತ ಹೆಚ್ಚು ಮಾತು. ಬಳೆ ತೊಡಿಸುವುದರಲ್ಲಿ ಅರ್ಧ ಕೆಲಸ ಬಾಯಿಯದು. ಎಡಗೈಯಿಂದ ಗಿರಾಕಿಯ ಬೆರಳುಗಳನ್ನು ಒಟ್ಟುಮಾಡಿ ಒತ್ತಿ ಹಿಡಿದು, ಬಲಗೈಯಿಂದ ಬಳೆ ಏರಿಸಬೇಕು. ಬಳೆ ಗೆಣ್ಣಿನ ಹತ್ತಿರ ಬಂದಾಗ ಎಂಥವರೂ ಹೆದರಿ ಕೈ ಬಿಗಿ ಮಾಡುತ್ತಾರೆ, ಗಾಜು ಒಡೆಯುವುದು ಆಗಲೇ. ಸರಿಯಾಗಿ ಆ ಗಳಿಗೆಗೆ ಖುರ್ಷೀದಾ, "ಕೈ ಸಡಿಲ ಬಿಡಿ. ಅಲ್ಲಾ, ನಿಮ್ಮತ್ತೆ ಸಾರಿಗೂ ಬೆಲ್ಲ ಹಾಕ್ತಾರಂತೆ, ಹೌದಾ?" ಎಂದು ಕೇಳುತ್ತಿದ್ದಳು. ಆಕೆ ಅತ್ತೆಯ ದೂರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಎರಡು ವರ್ಷದ ಹಿಂದೆ ಮರ್ಫಿ ಟೌನ್ ತಿರುವಿನಲ್ಲಿ ಆಟೋ ಮಗುಚಿತು. ಎಲ್ಲರೂ ಕೈಕಾಲು ಕಾಪಾಡಿಕೊಂಡರು, ಇವಳು ಪೆಟ್ಟಿಗೆ ಕಾಪಾಡಲು ಹೋದಳು. ಅದನ್ನು ಹಿಡಿದಿದ್ದ ಎಡಗೈ ನಜ್ಜುಗುಜ್ಜಾಗಿ, ಮೊಳಕೈ ಕೆಳಗೆ ಕತ್ತರಿಸಬೇಕಾಯಿತು.

ಮಗ ಯಾಸಿರ್ ಒಳ್ಳೆಯವನು. ಕಷ್ಟವಿದ್ದದ್ದೂ ಅಲ್ಲೇ. ಚಹಾ ತಂದುಕೊಟ್ಟ, ಟಿ.ವಿ. ಹಾಕಿಕೊಟ್ಟ, ಕೆಲಸಕ್ಕೆ ಹೋಗುವಾಗ "ಅಮ್ಮಿ, ನೀವು ಏಳಬೇಡಿ" ಎಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಊರೆಲ್ಲ ಸುತ್ತಿದ ಹೆಂಗಸು ಕಿಟಕಿಯ ಸರಳಿಗೆ ಮುಖ ಒತ್ತಿ, ತರಕಾರಿ ಗಾಡಿಯವನ ಜೊತೆ ಬೇಡದ ಸೊಪ್ಪಿಗೆ ಚೌಕಾಸಿ ಮಾಡುವಂತಾಯಿತು. ಪ್ರೀತಿಯಿಂದ ಹಾಕಿದ ಬೀಗಕ್ಕೆ ಕೀಲಿ ಕೇಳುವುದಾದರೂ ಹೇಗೆ?

ಆಮೇಲೆ ಯಾವುದೋ ಧರ್ಮ ಸಂಸ್ಥೆಯವರಿಂದ ರೋಬೋ ಕೈ ಬಂತು. ಕಪ್ಪು ಪ್ಲಾಸ್ಟಿಕ್ಕಿನ ಐದು ಬೆರಳು, ಒಳಗೆ ಮೋಟರು. ಉಳಿದ ತೋಳಿಗೆ ಎರಡು ಸೆನ್ಸರ್ ತಾಗುತ್ತವೆ. ಒಳಬದಿಯ ಸ್ನಾಯು ಬಿಗಿದರೆ ಕೈ ಮುಚ್ಚುತ್ತದೆ, ಹೊರಬದಿಯದು ಬಿಗಿದರೆ ತೆರೆಯುತ್ತದೆ. ಗಾಬರಿಯಲ್ಲಿ ಎರಡೂ ಒಟ್ಟಿಗೆ ಬಿಗಿದರೆ ಮಾತ್ರ ಕೈ ಹಿಡಿದದ್ದನ್ನು ಬಿಡುವುದಿಲ್ಲ. ಸ್ವಿಚ್ ಆರಿಸಿದರೂ ಹಾಗೇ ಕಚ್ಚಿಕೊಂಡಿರುತ್ತದೆ. ಇಂದಿರಾನಗರದಲ್ಲಿ ತರಬೇತಿ ಕೊಡುತ್ತಿದ್ದ ಪದ್ಮಶ್ರೀ ಮೇಡಂ ದಿನವೂ ಹೇಳುತ್ತಿದ್ದದ್ದು ಒಂದೇ, "ಕೈ ಸಡಿಲ ಬಿಡಿ, ಖುರ್ಷೀದಾ ಅವರೇ." ತನ್ನ ಮಾತು ತನಗೇ ತಿರುಗಿ ಬಂದದ್ದಕ್ಕೆ ಖುರ್ಷೀದಾಗೆ ಮೊದಮೊದಲು ನಗು ಬಂತು, ಆಮೇಲೆ ಅಳು ಬಂತು.

ಅಷ್ಟರಲ್ಲಿ ಹಲಸೂರಿನ ಅಕ್ಕಯಮ್ಮನ ಫೋನು. ಮೊಮ್ಮಗಳು ಹಂಸಳ ಮದುವೆ, ಬಳೆ ಶಾಸ್ತ್ರಕ್ಕೆ ಖುರ್ಷೀದಾನೇ ಬರಬೇಕು. ಯಾಸಿರ್ ಮುಖ ಗಂಟಿಕ್ಕಿದ. "ಇದೊಂದ್ಸಲ ಹೋಗಿ, ಅಮ್ಮಿ. ಯಾರ ಕೈಗಾದ್ರೂ ಹೆಚ್ಚುಕಮ್ಮಿ ಆದ್ರೆ ಪೆಟ್ಟಿಗೆ ಮಾರಿಬಿಡ್ತೀನಿ. ಆಮೇಲೆ ಹೊರಗೆ ಹೋಗೋ ಮಾತೇ ಎತ್ತಬಾರ್ದು." ತಾನೇ ಸ್ಕೂಟರಿನಲ್ಲಿ ಕರೆತಂದು ಗೇಟಿನ ಬಳಿ ನಿಂತ.

ಹಜಾರದ ತುಂಬ ಹೆಂಗಸರು. ಅಕ್ಕಯಮ್ಮ ಮಾತ್ರ ಅಡುಗೆಮನೆ ಬಾಗಿಲಲ್ಲಿ ಕೂತಿದ್ದಳು. ಬಾಡಿಗೆ ಮನೆಗಳೆಲ್ಲ ಅವಳ ಹೆಸರಿನಲ್ಲಿದ್ದರೂ, ಗಂಡ ದೊಡ್ಡಮುನಿಯಪ್ಪ ತೀರಿಕೊಂಡ ಮೇಲೆ ಶುಭಕಾರ್ಯದಲ್ಲಿ ಅವಳ ಜಾಗ ಆ ಹೊಸ್ತಿಲು. ಒಂದು ಕಾಲದಲ್ಲಿ ಪ್ರತಿ ಗೌರಿ ಹಬ್ಬಕ್ಕೂ ಖುರ್ಷೀದಾ ಬಳೆ ತೊಡಿಸಿದ್ದ ಕೈ ಈಗ ಬೋಳು.

ರೋಬೋ ಕೈ ಹಂಸಳ ಬೆರಳುಗಳನ್ನು ಒತ್ತಿ ಹಿಡಿಯಿತು, ಅವಳ ಎಡಗೈಗೆ ಬಳೆಗಳು ಸಲೀಸಾಗಿ ಏರಿದವು. ಬಲಗೈಯ ಕೊನೆಯ ಬಳೆಯೂ ಏರಿತು. ಅಷ್ಟರಲ್ಲಿ ಯಾರೋ, "ಅಯ್ಯೋ ಜೋಪಾನ, ಇಕ್ಕಳ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೆ!" ಎಂದರು. ಖುರ್ಷೀದಾಳ ಎದೆ ಧಸಕ್ಕೆಂದಿತು. ರೋಬೋ ಕೈ ಗುಯ್ ಎಂದು ಇನ್ನಷ್ಟು ಬಿಗಿಯಿತು.

"ಆಂಟಿ, ನೋಯ್ತಿದೆ," ಎಂದಳು ಹಂಸ.

ತೆರೆ, ತೆರೆ ಎಂದುಕೊಂಡಷ್ಟೂ ಅದು ಕಚ್ಚಿಕೊಂಡಿತು. ಎಣ್ಣೆ ತನ್ನಿ ಎಂದರು ಒಬ್ಬರು, ಸೋಪು ಎಂದರು ಇನ್ನೊಬ್ಬರು. "ಮಗ ಹೊರಗಿದಾನಲ್ಲ, ಕರೀರಿ," ಎಂದಳು ಹಂಸಳ ತಾಯಿ.

"ಅವನನ್ನ ಮಾತ್ರ ಕರೀಬೇಡಿ, ನಿಮ್ಮ ದಮ್ಮಯ್ಯ," ಎಂದಳು ಖುರ್ಷೀದಾ. ಬೆವರು ಕಣ್ಣಿಗಿಳಿಯುತ್ತಿತ್ತು. ಹುಡುಗಿಯ ಕೈ ತನ್ನಲ್ಲಿ ಸಿಕ್ಕಿದೆಯೋ, ತಾನೇ ಅದರಲ್ಲಿ ಸಿಕ್ಕಿದ್ದೇನೋ ಅವಳಿಗೆ ತಿಳಿಯಲಿಲ್ಲ.

ಹೊಸ್ತಿಲಿನಿಂದ ಅಕ್ಕಯಮ್ಮನ ದನಿ ಬಂತು, ಸಂತೆಯ ಸುದ್ದಿ ಕೇಳುವಷ್ಟು ನಿಧಾನವಾಗಿ. "ಖುರ್ಷೀದಾ, ಆ ಹೋದ ಕೈ ಈಗ್ಲೂ ನೋಯುತ್ತೇನೆ?"

ಇದನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಕೂಡ ಉಳಿದ ತೋಳಿನ ನೋವನ್ನಷ್ಟೇ ಕೇಳಿದ್ದರು. ಖುರ್ಷೀದಾ ತಲೆಯೆತ್ತಿದಳು. "ನೋಯುತ್ತೆ ಅಕ್ಕಾ. ಇಲ್ಲದ ಬೆರಳು ಇನ್ನೂ ಮುಷ್ಟಿ ಕಟ್ಕೊಂಡೇ ಇದೆ. ಅವತ್ತು ಹಿಡ್ಕೊಂಡ ಪೆಟ್ಟಿಗೆ ಬಿಟ್ಟೇ ಇಲ್ಲ ಅದು."

"ಬಿಟ್ಬಿಡೇ. ಅದರಲ್ಲಿದ್ದ ಬಳೆ ಎಲ್ಲ ಅವತ್ತೇ ಒಡೆದುಹೋದ್ವಲ್ಲ."

ಹೌದಲ್ಲ ಎನ್ನಿಸಿತು ಖುರ್ಷೀದಾಗೆ. ಎಷ್ಟು ದಿನದಿಂದಲೋ ತಡೆದ ಉಸಿರು ಹೊರಗೆ ಬಂತು, ಭುಜ ಇಳಿಯಿತು. ಕಪ್ಪು ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹಂಸ ಕೈ ಎಳೆದುಕೊಂಡಳು. ಒಂದು ಬಳೆಯೂ ಒಡೆದಿರಲಿಲ್ಲ. ಕೆಂಪಗೆ ಬರೆ ಮೂಡಿತ್ತು, ಅಷ್ಟೇ.

ಮದುಮಗಳ ಸರದಿ ಮುಗಿದ ಮೇಲೆ ಮನೆಯ ಮುತ್ತೈದೆಯರೆಲ್ಲ ಸಾಲಾಗಿ ಬಂದು ಕೈ ಚಾಚುವುದು ರೂಢಿ. ಖುರ್ಷೀದಾ ಕಾದಳು. ಯಾರೂ ಏಳಲಿಲ್ಲ. ಕೈಗಳು ಒಂದೊಂದಾಗಿ ಸೆರಗಿನೊಳಗೆ ಸೇರಿಕೊಂಡವು. "ಬಳೆ ಕೊಟ್ಟು ಹೋಗಮ್ಮ, ನಾವೇ ಹಾಕ್ಕೋತೀವಿ," ಎಂದಳು ಹಂಸಳ ತಾಯಿ, ಬೇರೆಲ್ಲೋ ನೋಡುತ್ತ. ಗೇಟಿನ ಕಡೆಯಿಂದ ಯಾಸಿರ್ ಕೂಗಿದ, "ಆಯ್ತಾ, ಅಮ್ಮಿ?"

ಖುರ್ಷೀದಾಗೆ ಬೀಗ ಬಿದ್ದ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

ಆಗ ಅಕ್ಕಯಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಹೊಸ್ತಿಲು ದಾಟಿ, ಹೆಂಗಸರ ನಡುವೆಯೇ ನಡೆದು ಬಂದು, ಖುರ್ಷೀದಾಳ ಎದುರು ಕೂತು ಬೋಳು ಕೈ ಚಾಚಿದಳು.

"ಅತ್ತೆ, ಶುಭದ ದಿನ… ಜನ ಏನಂತಾರೆ?" ಎಂದಳು ಸೊಸೆ, ಹಂಸಳ ತಾಯಿ.

"ಆಗ್ಲಿಲ್ಲ ಅಂತ ಹೇಳು ನಿನ್ನ ಮಗನಿಗೆ," ಎಂದಳು ಅಕ್ಕಯಮ್ಮ ಖುರ್ಷೀದಾಗೆ, ಸೊಸೆಯ ಕಡೆ ತಿರುಗದೆ. "ಇನ್ನೂ ಒಬ್ರಿದಾರೆ ಅನ್ನು."

ಖುರ್ಷೀದಾ ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡಳು. "ಬಿಡದೆ ಹೋದ್ರೆ, ಅಕ್ಕಾ?"

"ಬಿಡದಿದ್ರೆ ಹಿಡ್ಕೊಂಡೇ ಇರು. ನಾನು ತಾನೆ ಎಲ್ಲಿಗೆ ಹೋಗ್ಬೇಕು?"

ಖುರ್ಷೀದಾ ಪೆಟ್ಟಿಗೆ ತೆರೆದು ಅವಳ ಅಳತೆಯ ಹಸಿರು ಬಳೆ ಹುಡುಕತೊಡಗಿದಳು.