ತಂತಿಗೆ ಚುಚ್ಚಿದ ಸಮುದ್ರ

ಹಳೆಯ ಚಿತ್ರದ ಕಾರ್ಡು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಬೆನ್ನನ್ನು. ಇದು ಒಳ್ಳೆಯ ಅಭ್ಯಾಸವಲ್ಲ, ಗೊತ್ತು. ಚಿತ್ರ ತೆಗೆದವನು ಬಿಸಿಲಲ್ಲಿ ಅರ್ಧ ದಿನ ಕಾದಿರಬಹುದು. ಅಚ್ಚು ಹಾಕಿದವನು ಆಕಾಶಕ್ಕೆ ಬಿಳಿ ಪಂಚೆಗೆ ಹಾಕುವ ನೀಲಿಯನ್ನೆಲ್ಲ ಸುರಿದಿರಬಹುದು. ನನಗೆ ಬೇಕಾದದ್ದು ಯಾರೋ ಯಾರಿಗೋ ಬರೆದ ನಾಲ್ಕು ಸಾಲು. ಬೇರೆಯವರ ಕಾಗದ ಓದಬಾರದು ಎಂದು ಹುಡುಗರಿಗೆ ಬುದ್ಧಿ ಹೇಳಿದ ಮೇಷ್ಟ್ರೇ ನಾನು. ಆದರೆ ಕಾರ್ಡಿಗೆ ಆ ನಿಯಮ ಇಲ್ಲ ಎಂದು ನನ್ನ ವಾದ. ಲಕೋಟೆಯೇ ಇಲ್ಲದ ಕಾಗದದ ಗುಟ್ಟನ್ನು ಪೋಸ್ಟಿನವನು ಓದಿ, ಜಗಲಿಯ ಮೇಲೆ ಕೂತವರು ಕೇಳಿ, ಆಮೇಲಲ್ಲವೇ ಅದು ಮನೆಯೊಳಗೆ ಬರುತ್ತಿದ್ದದ್ದು?

ಆ ಸಾಲುಗಳ ಸೊಗಸು ಇರುವುದೇ ಮುಂದಿನ ಚಿತ್ರಕ್ಕೂ ಅವಕ್ಕೂ ಏನೇನೂ ಸಂಬಂಧವಿಲ್ಲದಿರುವುದರಲ್ಲಿ. ಮುಂದೆ ದೀಪ ಹಚ್ಚಿದ ಅರಮನೆ. ಹಿಂದೆ 'ಎಮ್ಮೆ ಈಯಿತೇ? ಕೆಚ್ಚಲು ಗಡ್ಡೆಕಟ್ಟಿದರೆ ಔಷಧಿಗೆ ತಡ ಮಾಡಬಾರದು.' ಮುಂದೆ ಗೋಳಗುಮ್ಮಟ. ಹಿಂದೆ 'ಇಲ್ಲಿ ರೊಟ್ಟಿ ಬಿಟ್ಟರೆ ಬೇರೆ ಇಲ್ಲ. ಹೊಟ್ಟೆ ಸರಿಯಿಲ್ಲ.' ಇತಿಹಾಸದ ಪುಸ್ತಕಗಳು ಗುಮ್ಮಟದ ವ್ಯಾಸ ಹೇಳುತ್ತವೆ. ಅದನ್ನು ನೋಡಲು ಹೋದವನ ಹೊಟ್ಟೆ ಕೆಟ್ಟಿತ್ತು ಎಂಬುದನ್ನು ಕಾರ್ಡು ಮಾತ್ರ ಹೇಳುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಕಾರ್ಡನ್ನು ಆಲ್ಬಮ್ಮಿನಲ್ಲಿ ಇಡುವ ಶೋಕಿ ಇರಲಿಲ್ಲ. ಒಂದು ಗಟ್ಟಿ ತಂತಿ, ಅದರ ತಳಕ್ಕೊಂದು ರಟ್ಟಿನ ಬಿಲ್ಲೆ, ತುದಿಗೆ ಕೊಕ್ಕೆ. ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚಿ ಗೋಡೆಯ ಮೊಳೆಗೆ ತಗುಲಿಹಾಕುವುದು. ಕಂದಾಯದ ರಸೀದಿಗೂ ಕಾಶಿ ವಿಶ್ವನಾಥನಿಗೂ ಒಂದೇ ತಂತಿ. ಹಾಗಾಗಿ ನಮ್ಮ ಕಡೆಯ ಹಳೆಯ ಚಿತ್ರದ ಕಾರ್ಡುಗಳಿಗೆಲ್ಲ ಮಧ್ಯದಲ್ಲೊಂದು ತೂತು. ನಾನು ನೋಡಿದ ಒಂದು ಅರಮನೆಗೆ ಸಿಂಹಾಸನ ಇರಬೇಕಾದ ಜಾಗದಲ್ಲೇ ತೂತಿತ್ತು.

ಹೀಗೆ ಬೇರೆಯವರ ಕಾಗದಗಳ ಬಗ್ಗೆ ಲಘುವಾಗಿ ಮಾತಾಡುತ್ತಾ ಸುಖವಾಗಿದ್ದೆ. ಹೋದ ತಿಂಗಳು ನಮ್ಮದೇ ಮನೆಯ ತಂತಿ ನನ್ನ ಕುತ್ತಿಗೆಗೆ ಬಂತು.

ಅದಕ್ಕೆ ಮೊದಲು ನನ್ನ ರೋಗ ಹೇಳಬೇಕು. ತಿಪಟೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. 'ಮೂಲ ದಾಖಲೆ ನೋಡದೆ ಬಾಯಿ ಬಿಡಬೇಡಿ' ಎನ್ನುವುದು ನನ್ನ ನಿತ್ಯದ ಮಂತ್ರ. ನಿವೃತ್ತನಾದ ಮೇಲೆ ಹುಡುಗರು ತಪ್ಪಿಸಿಕೊಂಡರು, ಮನೆಯವರು ಸಿಕ್ಕಿಕೊಂಡರು. ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂದು ಯಾರಾದರೂ ಅಂದರೆ ಸಾಕ್ಷಿ ಕೇಳುತ್ತೇನೆ. ನನ್ನ ನೆನಪುಗಳನ್ನೂ ಬಿಟ್ಟಿಲ್ಲ. ನಮ್ಮ ಸೀಮೆಯಲ್ಲಿ ಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುತ್ತಾರಲ್ಲ, ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ನಾನು ನೆನಪುಗಳನ್ನು ಹಾಗೆ ಅಲ್ಲಾಡಿಸುತ್ತೇನೆ. ಗಡಗಡ ಎಂದರೆ ಇಟ್ಟುಕೊಳ್ಳುತ್ತೇನೆ.

ಅಲ್ಲಾಡಿಸದೆ ಬಿಟ್ಟಿದ್ದ ನೆನಪು ಒಂದೇ. ನನಗೆ ಆರು ತುಂಬುವ ಮೊದಲೇ ಅಪ್ಪ ತೀರಿಕೊಂಡರು. ಅವರ ಮುಖ ನನಗೆ ಫೋಟೋದಲ್ಲಿ ಗೊತ್ತು, ದನಿ ಗೊತ್ತೇ ಇಲ್ಲ. ಉಳಿದಿರುವುದು ಒಂದು ನೋಟ: ಕನ್ಯಾಕುಮಾರಿಯ ಮರಳು, ಗಾಢ ನೀಲಿ ಸಮುದ್ರ, ದಡದಲ್ಲಿ ನಾಲ್ಕು ತೆಂಗಿನ ಮರ, ಆಕಾಶದ ನಡುವೆ ರೆಕ್ಕೆ ಆಡಿಸದೆ ನಿಂತ ಒಂದು ಹದ್ದು. ಮರಳಿನ ಮೇಲೆ ಅಪ್ಪ, ಅವರ ಬಲಕ್ಕೆ ನಾನು. ಅಪ್ಪ ಎಂದರೆ ನನಗೆ ಅಷ್ಟೇ. ಅದನ್ನು ಹೇಳಿಕೊಂಡೇ ಅರವತ್ತು ವರ್ಷ ಕಳೆದಿದ್ದೇನೆ.

ಹೋದ ತಿಂಗಳು ಚಿಕ್ಕನಾಯಕನಹಳ್ಳಿಗೆ, ಅಕ್ಕನ ಮನೆಗೆ ಹೋಗಿದ್ದೆ. ಗಿರಿಜಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಊಟವಾದ ಮೇಲೆ ಅವಳ ಮೊಮ್ಮಗಳು ಸಿರಿಗೆ ಸಮುದ್ರದ ಕಥೆ ಶುರು ಮಾಡಿದೆ. ಸಮುದ್ರದ ಗಾಳಿಗೆ ಹದ್ದು ಹೇಗೆ ನಿಂತಲ್ಲೇ ತೇಲುತ್ತದೆ ಎಂದು ವಿವರಿಸುವಾಗ ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ನೀನೆಲ್ಲೋ ಬಂದಿದ್ದೆ ಕನ್ಯಾಕುಮಾರಿಗೆ?"

"ಬಂದಿದ್ದೆನಲ್ಲಕ್ಕ. ಅಪ್ಪನ ಪಕ್ಕ ನಿಂತಿದ್ದೆ."

"ದಡಾರ ಎದ್ದು ನಮ್ಮೂರು ಹಾಲ್ಕುರಿಕೇಲಿ ಅಜ್ಜಿ ಮಡ್ಲಲ್ಲಿ ಮಲ್ಗಿದ್ದೆ ಕಣಪ್ಪ ನೀನು. ಹೋಗಿದ್ದು ಅಪ್ಪ, ಅಮ್ಮ, ನಾನು."

"ಸಾಕ್ಷಿ?" ಎಂದೆ. ಅಭ್ಯಾಸಬಲ.

ಅಕ್ಕ ಕೈ ಒರೆಸಿಕೊಂಡು ಬಂದು, ದೇವರ ಮನೆಯ ಬಾಗಿಲ ಹಿಂದಿನ ಮೊಳೆಯಿಂದ ಅಜ್ಜಿಯ ಕಾಲದ ತಂತಿಯನ್ನು ತೆಗೆದಳು. ಮೊಳದುದ್ದದ ಕಾಗದದ ಗೋಪುರ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದದ್ದು. ಎಷ್ಟೋ ಸಲ ನೋಡಿದ್ದೆ, ಒಮ್ಮೆಯೂ ಬಿಚ್ಚಿರಲಿಲ್ಲ. ಮೂಲ ದಾಖಲೆಯ ಮಾತು ಊರವರಿಗೆ ಮಾತ್ರ. ಅಕ್ಕ ಒಂದೊಂದೇ ಕಾಗದ ಕಳಚಿ ಸಿರಿಯ ಮಡಿಲಿಗೆ ಹಾಕುತ್ತಾ ತಳದ ಹತ್ತಿರ ನಿಂತಳು.

"ಇಗಾ, ನೋಡ್ಕೊ ನಿನ್ ಸಮುದ್ರ."

ಗಾಢ ನೀಲಿ ಸಮುದ್ರ. ನಾಲ್ಕು ತೆಂಗಿನ ಮರ. ಮರಳು. ಎಲ್ಲ ಇತ್ತು, ನಾನು ಬಿಟ್ಟ ಜಾಗದಲ್ಲೇ. ಹದ್ದಿರಲಿಲ್ಲ. ಅದು ಹಾರುತ್ತಿದ್ದ ಕಡೆ, ತಂತಿ ತೂರಿದ ಒಂದು ಕಪ್ಪು ತೂತಿತ್ತು.

"ಹದ್ದು ಎಲ್ಲಿ ತಾತ?" ಎಂದಳು ಸಿರಿ. ನಾನು ಆ ತೂತಿನ ಮೂಲಕ ಅವಳ ಮುಖ ನೋಡಿದೆ.

"ಈ ಕಾರ್ಡು ತಂತೀಲಿ ಮೇಲ್ಗಡೆಗೇ ಇರ್ಬೇಕು ಅಂತ ಹಟ ಮಾಡ್ತಿದ್ಯಂತೆ," ಅಕ್ಕ ಹೇಳಿದಳು. "ಹೊಸ ಕಾಗ್ದ ಬಂದ್ರೆ ಅದರ ಮೇಲೆ ಚುಚ್ಚೋಕೆ ಬುಡ್ತಿರಲಿಲ್ವಂತೆ. ಅಜ್ಜಿ ಹೇಳಿ ಹೇಳಿ ನಗೋಳು. ಬಂದೋರೂ ಹಂಗೇ ಬುಡು. ಕಾರ್ಡು ಈಸ್ಕೊಂಡು ಸಮುದ್ರ ಒಬ್ರೂ ನೋಡ್ಲಿಲ್ವಂತೆ. 'ಗರಿ ಎಂಗೆ ಜೋತ್ಬಿದ್ದವೆ ನೋಡ್ಲಾ, ನೀರು ಸಾಲ್ದು ಕಣ್ಲಾ ಈ ಮರಕ್ಕೆ' ಅನ್ನೋರಂತೆ!"

ಸಿರಿ ನಕ್ಕಳು. ನಾನೂ ನಗಬೇಕಾಗಿತ್ತು. ಮೂರು ಸಮುದ್ರ ಸೇರುವ ಕಡೆ ನಿಂತ ಮರಕ್ಕೆ ನೀರು ಸಾಲದು ಎಂದು ಮರುಗಲು ನಮ್ಮವರಿಂದ ಮಾತ್ರ ಸಾಧ್ಯ. ಆದರೆ ನನಗೆ ಬೇರೆ ಲೆಕ್ಕ ಹತ್ತಿತ್ತು. ನನ್ನ ಸಮುದ್ರಕ್ಕೆ ಯಾವತ್ತೂ ಸದ್ದೇ ಇರಲಿಲ್ಲ. ಕಾಲಿಗೆ ಮರಳು ಬಿಸಿ ತಾಗಿದ ನೆನಪಿಲ್ಲ. ಅಲ್ಲಾಡಿಸಿದ್ದರೆ ಎಂದೋ ತಿಳಿಯುತ್ತಿತ್ತು, ಅದಕ್ಕೇ ಅಲ್ಲಾಡಿಸಿರಲಿಲ್ಲ. ಇದ್ದ ಒಬ್ಬ ಅಪ್ಪ, ಒಂದು ತೂತಿನಲ್ಲಿ ಹೋದರು.

ಅಭ್ಯಾಸದಂತೆ ಕಾರ್ಡಿನ ಬೆನ್ನು ತಿರುವಿದೆ. ಸಣ್ಣ, ಬಾಗಿದ ಅಕ್ಷರ.

'ಕ್ಷೇಮವಾಗಿ ತಲುಪಿದೆವು. ಅಟ್ಟದ ಕಾಯಿಗೆ ಇಲಿ ಬೀಳದಂತೆ ನೋಡಿಕೊಳ್ಳುವುದು. ಕರಿ ಹಸು ಮೇವು ಬಿಟ್ಟಿದ್ದರೆ ಬೆಲ್ಲ ಕೊಡುವುದು. ಇವಳಿಗೆ ಬಸ್ಸು ಆಗಿಬರಲಿಲ್ಲ. ಚಂದ್ರನಿಗೆ ದಡಾರ ಇಳಿಯಿತೇ? ಹೊರಡುವಾಗ ಬಹಳ ಅತ್ತ. ಚಿತ್ರದಲ್ಲಿ ಉದ್ದ ಗೀಟು ನಾನು. ಬಲಗಡೆ ಗಿಡ್ಡ ಗೀಟು ಅವನು. ಅವನಿಗೆ ತೋರಿಸುವುದು.'

ಮತ್ತೆ ಮುಂದಕ್ಕೆ ತಿರುಗಿಸಿದೆ. ಮರಳಿನ ಮೇಲೆ, ಮರದ ನೆರಳಲ್ಲಿ, ಮಸಿಯ ಎರಡು ಗೀಟುಗಳು. ಒಂದು ಉದ್ದ, ಒಂದು ಗಿಡ್ಡ. ನಡುವೆ ಅಕ್ಕಿಕಾಳಿನಷ್ಟೂ ಜಾಗವಿರಲಿಲ್ಲ.

ಕಾರ್ಡನ್ನು ಸಿರಿಗೆ ಕೊಟ್ಟೆ. ಹಿಂದೆ ಮುಂದೆ ತಿರುವಿ ಓದಿ ಕೇಳಿದಳು: "ಹಂಗಾದ್ರೆ ತಾತ, ನೀನು ಹೋಗಿದ್ಯೋ, ಇಲ್ವೋ?"

ಹೋಗಿರಲಿಲ್ಲ. ದಾಖಲೆ ಸ್ಪಷ್ಟವಾಗಿದೆ. ಆದರೆ ನಿಂತಿದ್ದೆ, ಅದೂ ದಾಖಲೆಯಲ್ಲಿದೆ, ಅಪ್ಪನ ಕೈಬರಹದಲ್ಲಿ. ಎರಡನ್ನೂ ಒಟ್ಟಿಗೆ ಒಪ್ಪುವುದು ಹೇಗೆಂದು ನನ್ನ ವಿಶ್ವವಿದ್ಯಾಲಯ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅಕ್ಕ ಕಾರ್ಡು ಕಿತ್ತುಕೊಂಡು ಕನ್ನಡಕದ ಹತ್ತಿರ ಹಿಡಿದಳು. ಅವಳೂ ಅದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲಂತೆ.

"ಅಲ್ಲ ಕಣೋ, ನಿಜ್ವಾಗಿ ಹೋಗಿ ಬಿಸಿಲಲ್ಲಿ ಕಾಲು ಸುಟ್ಕೊಂಡೋಳು ನಾನು! ನಂಗೊಂದು ಗೀಟು ಹಾಕ್ಲಿಲ್ಲ ನೋಡು ಅಪ್ಪ!"

"ಸಮುದ್ರ ಹೆಂಗಿತ್ತಕ್ಕ?" ಎಂದೆ.

"ಯಾರಿಗ್ಗೊತ್ತು? ಅಮ್ಮ ವಾಂತಿ ಮಾಡ್ತಿದ್ಲು, ಚೊಂಬು ಹಿಡ್ಕೊಂಡು ಕೂತಿದ್ದೆ. ಸಮುದ್ರ ನೋಡ್ದೋನು ನೀನೇ."

ತಮಾಷೆಯ ದನಿಯೇ. ಆದರೂ ಕಾರ್ಡನ್ನು ಅವಳು ಬೇಗ ವಾಪಸು ಕೊಡಲಿಲ್ಲ.

ಹಳೆಯ ದಾಖಲೆಯ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇಟ್ಟ ಹುಡುಗನೊಬ್ಬನನ್ನು ನಾನು ಹಿಂದೊಮ್ಮೆ ತರಗತಿಯಿಂದ ಆಚೆ ಕಳಿಸಿದ್ದೆ. ಅವನು ಈಗ ಎಲ್ಲಿದ್ದರೂ ಕ್ಷಮಿಸಲಿ. ಸಿರಿಯ ಕಂಪಾಸು ಪೆಟ್ಟಿಗೆಯಿಂದ ಪೆನ್ನು ತೆಗೆದುಕೊಂಡು, ಕಾರ್ಡನ್ನು ತೊಡೆಯ ಮೇಲಿಟ್ಟು, ಉದ್ದ ಗೀಟಿನ ಎಡಕ್ಕೆ, ಇನ್ನೊಂದು ಗೀಟು ಎಳೆಯತೊಡಗಿದೆ.

ಅಕ್ಕ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಇನ್ನೊಂಚೂರು ಉದ್ದ ಎಳಿಯೋ," ಎಂದಳು. "ನಾನು ನಿನಗಿಂತ ಎತ್ತರ ಇದ್ದೆ."