ಮೊದಲ ಪಾಳಿಯ ದಿನ ಕೊಟ್ಟ ಲೇಹ್ಯ

ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ನಿದ್ದೆ ಬಾರದಿದ್ದರೆ ಮನೆಯವರದು ನಾಯಿಪಾಡು. ಐವತ್ತರ ದಶಕದ ಕೊನೆ, ಭದ್ರಾವತಿಯ ಕ್ವಾರ್ಟರ್ಸು. ಒಂದು ಲೋಟ ಉರುಳಿದರೂ ನಮ್ಮ ಯಜಮಾನರು ಸಿಡುಕುವರು. ಪಕ್ಕದ ಮನೆಯ ಮಗು ಅತ್ತರೆ ಬೈಗುಳ ನನಗೆ. ಕಾರ್ಖಾನೆಯಲ್ಲಿ ಅವರು ಕ್ರೇನ್ ನಡೆಸುತ್ತಿದ್ದರು. ಕುದಿಯುವ ಕಬ್ಬಿಣದ ತೊಟ್ಟಿಯನ್ನು ಆಳುಗಳ ತಲೆಯ ಮೇಲಿಂದ ದಾಟಿಸುವ ಕೆಲಸ. ನಿದ್ದೆಗೆಟ್ಟು ಹೋಗುವಂತಿರಲಿಲ್ಲ.

ಅತ್ತೆ ಶಿವಮೊಗ್ಗದ ಲೈಸೆನ್ಸ್ ಅಂಗಡಿಯಿಂದ ಭಂಗಿಸೊಪ್ಪು ತರಿಸಿದರು. ತುಪ್ಪದಲ್ಲಿ ಹುರಿದು, ಬೆಲ್ಲ, ಗಸಗಸೆ ಹಾಕಿ ಲೇಹ್ಯ ಮಾಡಿದರು.

"ಶಿವನ ಪ್ರಸಾದ ಕಣೇ, ಏನೂ ಆಗಲ್ಲ" ಎಂದರು.

ಶಿವನೇನು ಕ್ರೇನ್ ನಡೆಸುತ್ತಿದ್ದನೇ? ಆದರೆ ಬೆಳಿಗ್ಗೆ ಪಾಳಿ ಮುಗಿಸಿ ಬಂದು ತಿಂದ ಒಂದು ಗಂಟೆಗೆ ಗೊರಕೆ ಕೇಳುತ್ತಿತ್ತು, ನಾನೂ ಸುಮ್ಮನಾದೆ. ಎರಡು ವರ್ಷದಲ್ಲಿ ಗೋಲಿ ಗಾತ್ರದ ಉಂಡೆ ನೆಲ್ಲಿಕಾಯಿ ಗಾತ್ರಕ್ಕೆ ಬೆಳೆಯಿತು. ಎದ್ದಾಗ ಅವರ ಬಾಯಿ ಒಣಗಿ, ಕಣ್ಣು ಕೆಂಪಾಗಿರುತ್ತಿತ್ತು. ಲೇಹ್ಯ ತಪ್ಪಿದರೆ ಕಣ್ಣೇ ಮುಚ್ಚುತ್ತಿರಲಿಲ್ಲ.

ಪಾಳಿ ಬದಲಾಗುತ್ತಿದ್ದುದು ಸೋಮವಾರ. ಅಂಥದೊಂದು ಸೋಮವಾರ ಬೆಳಿಗ್ಗೆ ಕಾಫಿಯ ಜೊತೆ, ಅಭ್ಯಾಸಬಲ, ಉಂಡೆಯನ್ನೂ ಅವರ ಅಂಗೈಗಿಟ್ಟೆ. ಅವರೂ ಅರೆನಿದ್ದೆಯಲ್ಲಿ ನುಂಗಿದರು. ನಾನು ಹಿತ್ತಲಿಗೆ ಹೋಗಿ ಬಂದು ಅವರಿಗೆಂದು ಚಾಪೆ ಬಿಡಿಸುತ್ತಿದ್ದೆ. ನೋಡಿದರೆ ಜಗಲಿಯಲ್ಲಿ ಅವರ ಸೈಕಲ್ ಇರಲಿಲ್ಲ. ಇವತ್ತಿನಿಂದ ಮೊದಲ ಪಾಳಿ, ಬೆಳಗಿನ ಕೆಲಸ!

ಗೇಟಿನವರೆಗೂ ಓಡಿದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಯಾರದೋ ಜೀವ ಹೋಗುತ್ತದೆ. ಮೊದಲು ಸುಳ್ಳನ್ನೇ ಹೇಳಿದೆ: "ನಮ್ಮತ್ತೆಗೆ ಹುಷಾರಿಲ್ಲ, ಅವ್ರನ್ನ ಸ್ವಲ್ಪ ಕರೆಸಿ."

"ಕೂತ್ಕೊಳಮ್ಮ, ಟೀ ಟೈಮಿಗೆ ಹೇಳಿ ಕಳಿಸ್ತೀನಿ" ಎಂದ ಕಾವಲುಗಾರ.

ಕೂರುವುದೆಂತು? ನಿಂತಲ್ಲಿ ನಿಲ್ಲಲಾಗದೆ ಗೇಟಿನ ಸರಳು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಟೀ ಹೊತ್ತಿಗೆ ಭಂಗಿ ತಲೆಗೇರಿರುತ್ತದೆ. ಮಾನ ಮರ್ಯಾದೆ ಬಿಟ್ಟು ಕಿರುಚಿದೆ: "ಅವ್ರು ಭಂಗಿ ತಿಂದಿದಾರೆ, ಕ್ರೇನಿಂದ ಇಳಿಸ್ರಪ್ಪಾ! ನಾನೇ ಕೊಟ್ಟುಬಿಟ್ಟೆ!"

ಕಾವಲುಗಾರ ಒಳಗೆ ಓಡಿದ. ಎಷ್ಟೋ ಹೊತ್ತಿನ ಮೇಲೆ ಮೇಸ್ತ್ರಿಯೇ ಅವರ ತೋಳು ಹಿಡಿದು ಕರೆತಂದರು. "ತೊಟ್ಟಿ ಎತ್ತಿ ಜನರ ಮೇಲೇ ನಿಲ್ಲಿಸ್ಬಿಟ್ಟಿದ್ರು. ಕೆಳಗಿಂದ ಎಷ್ಟು ಕೂಗಿದ್ರೂ ಕೈ ಆಡಿಸ್ಲಿಲ್ಲ. ಕೊನೆಗೆ ಇನ್ನೊಬ್ಬನ್ನ ಹತ್ತಿಸಿ ತೊಟ್ಟಿ ಇಳಿಸಿದ್ವಿ" ಎಂದರು.

ಯಜಮಾನರು ನಗುತ್ತಿದ್ದರು. "ಈಗ್ತಾನೆ ಎತ್ತಿದ್ದು ಮಾರಾಯ್ತಿ. ಏನು ಅವಸರ?"

ಕೆಲಸ ಪೂರ್ತಿ ಹೋಗಲಿಲ್ಲ. ಕ್ರೇನ್ ತಪ್ಪಿಸಿ ಇದ್ದಿಲು ತುಂಬುವ ಹಗಲು ಕೆಲಸಕ್ಕೆ ಹಾಕಿದರು. ಲೇಹ್ಯ ಬಿಟ್ಟ ಮೊದಲ ವಾರ ಅವರು ಬೆವೆತು ಹೊರಳಾಡಿದರು. ಆಮೇಲೆ ತಾನಾಗಿ ನಿದ್ದೆ ಹತ್ತಿತು.

ಮನೆಗೆ ಬಂದವರ ಮುಂದೆಲ್ಲ ಅವರದು ಒಂದೇ ಮಾತು: "ಭಂಗಿ ತಿಂದಿದ್ದು ನನ್ನ ತಪ್ಪು. ಇವಳು ಓಡಿ ಬಂದು ಇಳಿಸಿದ್ಲು." ಕೊಟ್ಟವಳು ನಾನೇ ಎಂದು ಅವರು ಸಾಯುವವರೆಗೂ ಒಬ್ಬರಿಗೂ ಹೇಳಲಿಲ್ಲ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.